ಹೊರಗಿನ ಬೀಗ

ಕಲ್ಯಾಣ ಸ್ಟೇಷನ್ನಿನ ಪೂರ್ವಕ್ಕಿರುವ ನಮ್ಮ ಚಾಳಿನ ಜಾಗ ವಸತಿ ಯೋಜನೆಗೆ ಸೇರಿದ್ದು ಕಳೆದ ವರ್ಷ. ಸ್ಟೇಷನ್ ಹತ್ತಿರ ಎತ್ತರದ ಕಟ್ಟಡಗಳು ಬರುತ್ತವೆ, ಸರ್ವೆಯಲ್ಲಿ ಎಣಿಕೆಯಾದ ಮನೆಗೆ ಅಲ್ಲೇ ಒಂದು ಫ್ಲ್ಯಾಟ್, ಬೀಗ ಹಾಕಿದ ಮನೆ ಲೆಕ್ಕಕ್ಕಿಲ್ಲ ಎಂದಿದ್ದರು. ಇದನ್ನು ಅವ್ವನಿಗೆ ಬಾಯಿ ನೋಯುವಷ್ಟು ಹೇಳಿದ್ದೆ. ಹೂಂ ಅಂದಿದ್ದಳು. ಅವಳ ಹೂಂ ನಂಬಿದ ನನಗೆ ಬುದ್ಧಿಯಿರಲಿಲ್ಲ.

ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದ ಅವ್ವ ಹಿಂದೆ ಎರಡು ಕಡೆ ಗುಡಿಸಲು ಕಳೆದುಕೊಂಡವಳು. ಎರಡೂ ಕಡೆ ಮೊದಲು ಬಾಗಿಲಿಗೆ ನಂಬರ್ ಬಿದ್ದಿತ್ತು, ಆಮೇಲೆ ಒಡೆದಿದ್ದರು. ಒಡೆಯುವವರು ಬಂದಾಗ ಅಲ್ಲಿನ ಹೆಂಗಸರದೊಂದು ರೂಢಿಯಿತ್ತು. ಒಬ್ಬರು ಒಳಗೆ ಉಸಿರು ಬಿಗಿಹಿಡಿದು ಕೂರುವುದು, ಪಕ್ಕದವರು ಹೊರಗಿನಿಂದ ಬೀಗ ಜಡಿಯುವುದು. ಯಾರೂ ಇಲ್ಲವೆಂದು ಅವರು ಮುಂದೆ ಹೋದರೆ ಆ ದಿನಕ್ಕೆ ಪಾರು.

ಸರ್ವೆಯವರು ಹೇಳಿದ ದಿನಕ್ಕಿಂತ ಮೊದಲೇ ಬಂದುಬಿಟ್ಟರು. ನಾನು ಠಾಣೆ ಶಹರದಲ್ಲಿ, ಕೆಲಸದ ಅಂಗಡಿಯಲ್ಲಿದ್ದೆ. ಪಕ್ಕದ ಮನೆಯ ಮೌಶಿ ಫೋನ್ ಮಾಡಿದಳು: "ಟೆನ್ಶನ್ ಮತ್ ಲೇ. ತೇರೀ ಅವ್ವಾ ಬೋಲೀ, ಮೈನೇ ಬಾಹರ್ ಸೇ ತಾಲಾ ಮಾರ್ ದಿಯಾ." ಅವ್ವನೇ ಹೇಳಿ ಹಾಕಿಸಿಕೊಂಡಿದ್ದಳು: ಅವಳು ಒಳಗೆ, ಬೀಗ ಹೊರಗೆ. ಕೀಲಿ ಹಿಡಿದುಕೊಂಡು ಮೌಶಿ ಡೊಂಬಿವಲಿಗೆ ಮನೆಗೆಲಸಕ್ಕೆ ಹೋಗಿಯಾಗಿತ್ತು. ಅಂಗಡಿ ಬಿಟ್ಟು ಸ್ಟೇಷನ್ನಿಗೆ ಓಡಿದೆ.

ಲೋಕಲ್ ರೈಲು ದಿವಾ ಸ್ಟೇಷನ್ ದಾಟಿ ನಿಂತೇಬಿಟ್ಟಿತು. ಅವ್ವನ ಮೇಲೆ, ಮೌಶಿಯ ಮೇಲೆ, ಕೆಂಪು ಸಿಗ್ನಲ್ ಮೇಲೆ ಹಲ್ಲು ಕಡಿದೆ. ಕಲ್ಯಾಣದಲ್ಲಿ ಇಳಿದವಳೇ ಓಡಿದೆ. ಸರ್ವೆಯವರು ನಮ್ಮ ಬಾಗಿಲು ದಾಟಿ ಗಲ್ಲಿಯ ಕೊನೆ ಮುಟ್ಟಿದ್ದರು. ಅವರಲ್ಲಿ ಹಿರಿಯನನ್ನು ಕಾಡಿಬೇಡಿ ಕರೆತಂದೆ.

"ಘರ್ ಬಂದ್ ಹೈ, ದೀದೀ," ಎಂದು ಅವನು ಬೀಗ ತೋರಿಸಿದ. ಅವ್ವ ಒಳಗಿದ್ದಾಳೆ ಎಂದರೆ ನಂಬಲಿಲ್ಲ.

ಬಾಗಿಲು ಬಡಿದೆ. "ಅವ್ವಾ, ನಾ ಬಂದೀನಿ! ಓ ಅನ್ನು!"

ಸದ್ದಿಲ್ಲ. ಅವನು ಗಡಿಯಾರ ನೋಡಿಕೊಂಡು ಹೊರಳಿದ. ಇಷ್ಟು ವರ್ಷ ಬಾಳಿದ ಮನೆ ಕಣ್ಣೆದುರೇ ಕೈತಪ್ಪುತ್ತಿತ್ತು. ಅಳುತ್ತ ಬಾಗಿಲಿಗೆ ಒದ್ದೆ.

ಒಳಗಿನಿಂದ ಅವ್ವ ಗದರಿದಳು: "ಯಾಕ್ ಒದರ್ಲತ್ತಿ? ಸುಮ್ಮಕಿರು, ಹೋಗ್ಲಿ ಅವ್ರು!"

ಅವನು ತಿರುಗಿ ನಿಂತ. ಕನ್ನಡ ಬಾರದ ಅವನಿಗೆ ಅವಳ ಮಾತು ತಿಳಿಯಲಿಲ್ಲ, ಆದರೆ ದನಿ ಕೇಳಿಸಿತು. ಅಷ್ಟು ಸಾಕಾಯಿತು. ಬಾಗಿಲ ಮೇಲೆ ಬಣ್ಣದಲ್ಲಿ ಎಣಿಕೆಯ ನಂಬರ್ ಬರೆದ.

ಅವರು ಹೋದಮೇಲೆ ಕಲ್ಲಿನಿಂದ ಬೀಗ ಒಡೆದೆ. ಬೈಯುತ್ತಲೇ ಒಳಹೊಕ್ಕೆ. ಪಾತ್ರೆ, ಕೌದಿ, ನನ್ನ ಬಟ್ಟೆ ಎಲ್ಲವನ್ನೂ ಗಂಟು ಕಟ್ಟಿ ಅವ್ವ ಅದರ ಪಕ್ಕ ಕೂತಿದ್ದಳು. ಬಾಗಿಲ ಮೇಲಿನ ಹಸಿ ಬಣ್ಣ ನೋಡಿ ಕೇಳಿದಳು: "ನಂಬರ್ ಹಾಕಿ ಹೋದ್ರಾ? ಈಗ ಎಲ್ಲಿಗಿ ಹೋಗಾದು?"