ದುಡಿದು ಸವೆದ ನೋಟುಗಳು

ಗಂಗೊಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಣಮೀನು ಮಾರುವ ಹೆಂಗಸೊಬ್ಬರಿದ್ದರು. ನಯಾಪೈಸೆ ಬರುವುದಕ್ಕೂ ಮೊದಲಿನ, ಬ್ರಿಟಿಷ್ ರಾಜನ ಮುಖವಿರುವ ರೂಪಾಯಿ ನೋಟುಗಳನ್ನು ಕೂಡಿಡುವುದು ಅವರ ಹುಚ್ಚು. ನೋಟು ಮುಟ್ಟುವ ಮೊದಲು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಯಾರಾದರೂ ನಕ್ಕರೆ, "ನಂಗ್ ಬೇಕ್, ನಿಮ್ಗೆಂತ?" ಎನ್ನುತ್ತಿದ್ದರು.

ಒಮ್ಮೆ ಕುಂದಾಪುರದಲ್ಲಿ ಹಳೆಯ ನೋಟುಗಳ ಪ್ರದರ್ಶನ ನಡೆಯಿತು. ತಮ್ಮ ನೋಟುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟ ಅವರ ಜೊತೆ ನಾನೂ ಹೋಗಿದ್ದೆ. ಬೇರೆಯವರ ನೋಟುಗಳೆಲ್ಲ ಇಸ್ತ್ರಿ ಹಾಕಿದಂತಿದ್ದವು. ಇವರವು ಮಡಿಸಿ ಮಡಿಸಿ ಸವೆದು ಕಲೆ ಹಿಡಿದಿದ್ದವು. ವ್ಯವಸ್ಥಾಪಕರು ನೋಡಿ, "ಅಮ್ಮ, ಇದ್ ತುಂಬ ಹಾಳಾಯ್ತ್. ಹಿಂದಿನ ಮೂಲೆಗ್ ಇಡುವ" ಎಂದರು.

"ಹ್ವಾಯ್, ಹಾಳಾದ್ದಲ್ಲ, ದುಡಿದ್ ಸವ್ದದ್ದ್!" ಇವರ ದನಿ ಏರಿತು. "ನಿಮ್ಮ ನೋಟ್ ಪೆಟ್ಗಿ ಬಿಟ್ ಹೊರ್ಗ್ ಬರ್ಲಿಲ್ಲ. ಇದನ್ನ್ ಕೊಟ್ಟ್ ಜನ ಅಕ್ಕಿ ತಂದಿರ್, ಬಲೆ ತಂದಿರ್. ಹಿಂದ್ ಇಡುಕೆ ನಾ ಬಿಡುದಿಲ್ಲೆ."

ಹೊರಗೆ ಬಂದವರೇ ಬಾಗಿಲ ಮೆಟ್ಟಿಲ ಮೇಲೆ ಬಟ್ಟೆ ಹಾಸಿ, ನೋಟುಗಳನ್ನು ಹರಡಿ, ಪಕ್ಕದಲ್ಲಿ ಕುಳಿತುಬಿಟ್ಟರು. ಒಳಗೆ ಹೋಗುವವರೆಲ್ಲ ಮೊದಲು ಅಲ್ಲೇ ಬಗ್ಗಿ ನೋಡತೊಡಗಿದರು. ಮಧ್ಯಾಹ್ನದ ಹೊತ್ತಿಗೆ ವ್ಯವಸ್ಥಾಪಕರು ತಾವೇ ಒಂದು ಮೇಜು ಹೊತ್ತು ತಂದು ಅವರೆದುರು ಇಟ್ಟರು.

ಅವರು ಕುಳಿತಲ್ಲಿಂದ ಏಳಲಿಲ್ಲ.

"ಅದ್ರ ಮೇಲೆ ನಿಮ್ದ್ ಇಡಿ" ಎಂದರು.