ಪೂಜೆಗೆ ಮುಂಚಿನ ಸೂಜಿ

ಮೊದಲ ಪೆಟ್ಟು ಬಿದ್ದದ್ದು ನನ್ನ ಎಡಗೆನ್ನೆಗೆ.

ಶ್ರಾವಣ ಆಗಷ್ಟೇ ಶುರುವಾಗಿತ್ತು. ಮಸ್ಕಿಯ ನಮ್ಮ ಮನೆಯಲ್ಲಿ ಯಜಮಾನರು ಬೆಳಗಿನ ಲಿಂಗಪೂಜೆಗೆ ಕೂತಿದ್ದರು. "ಉಪ್ಪಿಟ್ಟು ಆರಾಕತ್ತೈತ್ರಿ" ಎಂದು ಕೂಗಿದೆ. ಹತ್ತಿರ ಹೋಗಿ ಭುಜ ಮುಟ್ಟಿದೆ. ತಿರುಗಿ ಹೊಡೆದರು. ಮೈಯೆಲ್ಲ ಬೆವರು, ಮಾತು ತೊದಲು. ಕಣ್ಣು ನನ್ನ ಮೇಲಿದ್ದರೂ ನಾನು ಯಾರೆಂಬ ಗುರುತು ಅದರಲ್ಲಿರಲಿಲ್ಲ.

ಮದುವೆಯಾದಾಗಿನಿಂದ ಒಮ್ಮೆಯೂ ಕೈ ಎತ್ತಿದವರಲ್ಲ. ಗೊಬ್ಬರದ ಅಂಗಡಿಗೆ ಯಾರಾದರೂ ಜಗಳಕ್ಕೆ ಬಂದರೆ ಚಹಾ ತರಿಸಿ ಕೂರಿಸುವ ಮನುಷ್ಯ. ಈ ಮನೆಯಲ್ಲಿ ಬಾಯಿ ಜೋರಿದ್ದದ್ದು ನನ್ನದೇ.

ಅತ್ತೆ ಹೆದರಿ ಅವರ ಬಾಯಿಗೆ ಒಂದು ಹಿಡಿ ಸಕ್ಕರೆ ಪ್ರಸಾದ ತುರುಕಿದರು. ಸ್ವಲ್ಪ ಹೊತ್ತಿಗೆ ತಣ್ಣಗಾದರು. ನಡೆದದ್ದೇನೂ ನೆನಪಿರಲಿಲ್ಲ. ದೇವರು ದೊಡ್ಡವನು ಎಂದು ಅತ್ತೆ ಕೈ ಮುಗಿದರು. ನಾನೂ ಮುಗಿದೆ. ಕೆಲಸ ಮಾಡಿದ್ದು ಸಕ್ಕರೆ ಎಂದು ನಮಗಾರಿಗೂ ಹೊಳೆಯಲಿಲ್ಲ.

ಎರಡನೆಯ ಸಲ, ಪೂಜೆಯ ನಡುವೆಯೇ, ತುಂಬಿದ ತಂಬಿಗೆ ಬೀಸಿ ಒಗೆದರು. ನನ್ನ ಹುಬ್ಬು ಸೀಳಿ ಕುಪ್ಪಸವೆಲ್ಲ ರಕ್ತವಾಯಿತು. ಅವತ್ತೂ ಅತ್ತೆ ಸಕ್ಕರೆ ಪ್ರಸಾದ ತಿನ್ನಿಸಿದ ಮೇಲೆಯೇ ತಣ್ಣಗಾದರು. ಇವರನ್ನು ಡಾಕ್ಟರಿಗೆ ತೋರಿಸೋಣ ಎಂದೆ. ಅತ್ತೆ ಓಡಿಹೋಗಿ ಬಾಗಿಲಿಗೆ ಅಗಳಿ ಹಾಕಿದರು.

"ಬ್ಯಾಡಬೇ. ಕುಡದಾನ ಅಂತಾರ ಮಂದಿ. ನಮ್ಮ ಮನಿತನದಾಗ ಯಾರೂ ಕುಡದವರಲ್ಲ."

ಕದ್ದು ಕುಡಿಯುತ್ತಿದ್ದಾರೆ ಎಂದು ಅವರಿಗೂ ಅನುಮಾನ, ನನಗೂ ಅನುಮಾನ. ಬಚ್ಚಲಲ್ಲಿ ಜಾರಿಬಿದ್ದೆ ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದೆ.

ಮೂರನೆಯದು ಸೋಮವಾರ. ನನ್ನ ಅಣ್ಣ ಗೊಬ್ಬರ ಒಯ್ಯಲು ಜವಳಗೇರಾದಿಂದ ಜೀಪಿನಲ್ಲಿ ಬಂದಿದ್ದ. ಒಳಗೆ ಕಾಲಿಟ್ಟಾಗ ಯಜಮಾನರ ಎರಡೂ ಕೈ ನನ್ನ ಕುತ್ತಿಗೆಯ ಮೇಲಿದ್ದವು. ನನಗೆ ಉಸಿರು ಆಡುತ್ತಿರಲಿಲ್ಲ.

"ಕುಡದು ನನ್ನ ತಂಗಿ ಕುತ್ತಿಗಿ ಹಿಚಕ್ತಿಯೇನಲೇ!"

ಅಣ್ಣ ಅವರನ್ನು ಎಳೆದು ಗೋಡೆಗೆ ಅಪ್ಪಳಿಸಿದ. ಮುಖ ಮೂತಿ ನೋಡದೆ ಬಾರಿಸಿದ. ತುಟಿ ಒಡೆಯಿತು. ಅವರು ಅಣ್ಣನ ತೋಳು ಕಚ್ಚಿದರು. ಕೊನೆಗೆ ಅಂಗಡಿಯ ನೈಲಾನ್ ಹಗ್ಗ ತಂದು ಪಡಸಾಲೆಯ ಕಂಬಕ್ಕೆ ಬಿಗಿದ. "ಅರಿವಿ ಕಟ್ಟಿಕೊ, ನಡಿ ಊರಿಗೆ. ಇವನ ಜೋಡಿ ಬಾಳೇವು ಸಾಕು" ಎಂದ. ನಾನು ನಿಜಕ್ಕೂ ಸೀರೆ ಮಡಚಿ ಚೀಲಕ್ಕೆ ಹಾಕತೊಡಗಿದೆ.

ಹಗ್ಗದಲ್ಲೇ ಅವರಿಗೆ ಫಿಟ್ಸ್ ಬಂತು.

ಕೈಕಾಲು ಸೆಟೆದು ತಲೆ ಕಂಬಕ್ಕೆ ಬಡಿಯುತ್ತಿತ್ತು. ಅಣ್ಣನೇ ಹಗ್ಗ ಕೊಯ್ದ. ಸಿಂಧನೂರಿನವರೆಗೆ ಜೀಪಿನ ಹಿಂದೆ ಅವರ ತಲೆ ನನ್ನ ತೊಡೆಯ ಮೇಲಿತ್ತು. ಸ್ವಲ್ಪ ಹೊತ್ತಿನ ಮುಂಚೆ ನನ್ನನ್ನು ಕೊಲ್ಲಲು ಬಂದ ಮನುಷ್ಯ. ಇವರು ಸತ್ತರೆ ನಾನು ಹೇಗೆ ಬದುಕಲಿ ಎಂದು ಅಳುತ್ತಿದ್ದೆ.

ಆಸ್ಪತ್ರೆಯಲ್ಲಿ ನರ್ಸ್ ಬೆರಳು ಚುಚ್ಚಿದರು. ಮೀಟರ್ ನೋಡಿ ಡಾಕ್ಟರ್ ಥಟ್ಟನೆ ನನ್ನತ್ತ ತಿರುಗಿದರು.

"ಇನ್ಸುಲಿನ್ ತಗೊಂಡಾರೇನು?"

"ಹೌದ್ರಿ, ಬೆಳಿಗ್ಗೆ."

"ನಾಷ್ಟಾ?"

"ಪೂಜಿ ಮುಗಿದಿರ್ಲಿಲ್ರಿ."

ನಾನು ಹೇಳಿದ್ದು ಏನೆಂದು ನನಗೆ ತಿಳಿದದ್ದು ಆಮೇಲೆ. ಲಿಂಗಸುಗೂರಿನ ಡಾಕ್ಟರ್ ಸಕ್ಕರೆ ಕಾಯಿಲೆಗೆ ಇಂಜೆಕ್ಷನ್ ಶುರು ಮಾಡಿದಾಗ, ಚುಚ್ಚಿಕೊಂಡ ಮೇಲೆ ತಡಮಾಡದೆ ತಿನ್ನಬೇಕೆಂದು ಸರಿಯಾಗಿಯೇ ಹೇಳಿದ್ದರು. ಆದರೆ ಪೂಜೆಯಾದ ಮೇಲೆ ಸೂಜಿ, ರಕ್ತ ಮುಟ್ಟುವುದು ಇವರ ಮನಸ್ಸಿಗೆ ಒಗ್ಗಲಿಲ್ಲ. ಸ್ನಾನಕ್ಕೆ ಮುಂಚೆಯೇ ಚುಚ್ಚಿಕೊಳ್ಳುತ್ತಿದ್ದರು. ಪೂಜೆ ಮುಗಿಯದೆ ಹನಿ ನೀರೂ ಕುಡಿಯುವುದಿಲ್ಲ. ಉಳಿದ ದಿನ ಗಳಿಗೆಯಲ್ಲಿ ಮುಗಿಯುವ ಪೂಜೆ ಶ್ರಾವಣದಲ್ಲಿ ಬೆಳೆಯಿತು, ಸೋಮವಾರ ಇನ್ನಷ್ಟು ಬೆಳೆಯಿತು. ಒಳಗೆ ಇನ್ಸುಲಿನ್ ಸಕ್ಕರೆ ಇಳಿಸುವ ತನ್ನ ಕೆಲಸ ಮಾಡುತ್ತಲೇ ಇತ್ತು.

ನರಕ್ಕೆ ಗ್ಲೂಕೋಸ್ ಏರಿಸಿದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು. ಒಡೆದ ತುಟಿ ಮುಟ್ಟಿಕೊಂಡರು.

"ನನಗ ಯಾರು ಹೊಡದ್ರು?"

ಅಣ್ಣ ಹೊರಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತ.

ಡಾಕ್ಟರ್ ನನ್ನ ಕುತ್ತಿಗೆಯ ಕಲೆಯನ್ನೂ ಅವರ ಮಣಿಕಟ್ಟಿನ ಹಗ್ಗದ ಬರೆಯನ್ನೂ ನೋಡಿದರು. ಹಿಂದಿನ ಎರಡು ಸಲದ್ದನ್ನೂ, ಅಗಳಿ ಹಾಕಿದ್ದನ್ನೂ ಹೇಳಿದೆ. "ಮಿದುಳಿಗೆ ಸಕ್ರಿ ಸಿಗಲಿಲ್ಲಂದ್ರ ಕೆಲವರು ಹಿಂಗ ಆಗ್ತಾರಮ್ಮ. ಕುಡದವರಂಗ ಕಾಣ್ತಾರ, ಹೊಡೀತಾರ. ಇವತ್ತೂ ಬಾಗ್ಲಾ ಹಾಕಿ ಕುಂತಿದ್ರ ಇವರು ಉಳೀತಿರಲಿಲ್ಲ. ಪೂಜಿ ಮೊದಲು ಮುಗೀಲಿ. ತಾಟು ಮುಂದಿಟ್ಕೊಂಡು ಇಂಜೆಕ್ಷನ್ ಮಾಡ್ಕೊಳ್ರಿ. ಮತ್ತ ಹಿಂಗಾದ್ರ, ಎಚ್ಚರ ಇದ್ರ ಸಕ್ರಿ ಕೊಡ್ರಿ. ಎಚ್ಚರ ಇಲ್ಲಂದ್ರ ಬಾಯಿಗೆ ಏನೂ ಹಾಕಬ್ಯಾಡ್ರಿ, ಸೀದಾ ಕರ್ಕೊಂಡು ಬರ್ರಿ."

ಇಷ್ಟೇ. ಸೂಜಿಯೊಂದು ಪೂಜೆ ದಾಟಿ ಈಚೆಗೆ ಬರಬೇಕಿತ್ತು, ಅಷ್ಟೇ.

ಇದು ಕಾಯಿಲೆಯ ಕೆಲಸ, ಅವರದಲ್ಲ. ನನಗೆ ಗೊತ್ತು. ಆದರೂ ಅವರು ಟವೆಲ್ಲಿಗೆ ಕೈ ಚಾಚಿದರೆ ನನ್ನ ಕುತ್ತಿಗೆ ತಾನಾಗಿ ಕುಗ್ಗುತ್ತಿತ್ತು. ಅವರ ಪಕ್ಕ ಮಲಗಲಾರದೆ ಅತ್ತೆಯ ಬಳಿ ಮಲಗುತ್ತಿದ್ದೆ. ಒಂದು ದಿನ ಅವರೇ ಕೇಳಿದರು, "ಕುತ್ತಿಗಿಗೆ ಕೈ ಹಾಕಿದ್ನೇನು?" ಹೌದೆಂದೆ. ಸಣ್ಣ ಮಕ್ಕಳಂತೆ ಅತ್ತರು. ಆಮೇಲೆ ನನ್ನ ಹತ್ತಿರ ಬರಬೇಕಾದರೆ ದೂರದಿಂದಲೇ ಕೆಮ್ಮಿ ಬರತೊಡಗಿದರು. ನನಗೆ ಅದೂ ಸಂಕಟವೇ ಆಯಿತು.

ಹೋದ ವಾರ ಗೋದಾಮಿನ ಕೀಲಿ ಎಲ್ಲೋ ಇಟ್ಟು ಮರೆತೆ. ಹೊರಗೆ ಲಾರಿ ಬಂದು ನಿಂತಿತ್ತು. ಯಜಮಾನರು ಮನೆ ಹಾರಿಹೋಗುವಂತೆ ಒದರಿದರು. ಓಡಿಹೋಗಿ ಮೀಟರ್ ತಂದು, ಅವರ ಬೆರಳು ಹಿಡಿದು ಚುಚ್ಚಿದೆ. ಅವರು ಕೈ ಹಿಂತೆಗೆಯಲಿಲ್ಲ. ಇಬ್ಬರೂ ಬಗ್ಗಿ ನೋಡಿದೆವು.

ಶುಗರ್ ಸರಿಯಾಗಿತ್ತು.

"ಇದು ಬರೇ ಸಿಟ್ಟಬೇ, ನನ್ನ ಸ್ವಂತದ್ದು. ಕೀಲಿ ಎಲ್ಲಿ?" ಎಂದರು.

ಸೆರಗು ಸಿಕ್ಕಿಸಿಕೊಂಡೆ. ಅವರ ಎದೆಗೆ ಎದೆ ಕೊಟ್ಟು ನಿಂತು, ಬಾಯಿಗೆ ಬಂದಂತೆ ಜಗಳ ತೆಗೆದೆ.