ಮುಖವಲ್ಲ, ಕೈ ನೋಡುವ ವರ್ನಾ

ಇಪ್ಪತ್ತೆರಡು ವರ್ಷಗಳ ಹಿಂದೆ, ವಯೋಮಿಂಗ್‌ನ ಹಾರ್ಲಾನ್ ಎಂಬ ಪುಟ್ಟ ಊರಿನ ಬ್ಯಾಂಕಿನಲ್ಲಿ ನಿವೃತ್ತನಾಗುತ್ತಿದ್ದ ಕಾವಲುಗಾರ ಆರ್ವಿಲ್, ತನ್ನ ಜಾಗಕ್ಕೆ ಬಂದ ವರ್ನಾ ಟಿಬ್ಬೆಟ್ಸ್ ಅವರಿಂದ ಒಂದು ಮಾತು ತೆಗೆದುಕೊಂಡ. ಎದುರಿನವನ ಪಿಸ್ತೂಲು ಅವನ ಕೈಗೆ ಬಂದದ್ದನ್ನು ಕಣ್ಣಾರೆ ಕಾಣುವವರೆಗೆ ನಿನ್ನದು ಒರೆಯಿಂದ ಈಚೆ ಬರಕೂಡದು. "ಆಯ್ತು, ಮಾತು ಕೊಟ್ಟೆ" ಎಂದರು ವರ್ನಾ.

ಈಗ ಅವರಿಗೆ ಅರವತ್ತಮೂರು. ಬೆಳಗಿನ ಆರೂಮುಕ್ಕಾಲು, ಬಯಲಿನ ಗಾಳಿ ಬೀದಿಯ ಕಸವನ್ನೆಲ್ಲ ಬ್ಯಾಂಕಿನ ಮೆಟ್ಟಿಲಿಗೆ ತಂದು ಸುರಿದಿದೆ. ವರ್ನಾ ಹಿಂಬಾಗಿಲು ತೆರೆದು ಒಬ್ಬರೇ ಒಳಗೆ ಹೋಗುತ್ತಾರೆ. ಶೌಚಾಲಯ, ಕಾಗದಪತ್ರದ ಕೋಣೆ, ಮೇಜುಗಳ ಅಡಿ, ಎಲ್ಲ ನೋಡಿ ಮುಂದಿನ ಕಿಟಕಿಯ ಪರದೆಯನ್ನು ಅರ್ಧಕ್ಕೆ ಎತ್ತುತ್ತಾರೆ. ರಸ್ತೆಯಾಚೆ ಕಾರುಗಳಲ್ಲಿ ಕಾಯುತ್ತಿರುವ ಸಿಬ್ಬಂದಿ ಆಮೇಲೆಯೇ ಇಳಿಯುವುದು.

"ಪೂರ್ತಿ ಎತ್ತಿದ್ರೆ ಒಳಗಡೆ ಕಳ್ಳ ಇದಾನೆ ಅಂತ ಲೆಕ್ಕ. ಒಂದಿನ ಮರೆತು ಪೂರ್ತಿ ಎತ್ತಿಬಿಟ್ಟು ನಮಗೆಲ್ಲ ಅರ್ಧ ದಿನ ರಜೆ ಕೊಡ್ಸು ಅಂತ ಬೇಡ್ಕೊಂಡಿದೀನಿ ಮಾರಾಯ್ತಿಗೆ," ಎಂದು ನಗುತ್ತಾಳೆ ಕ್ಯಾಷಿಯರ್ ಕೆಂಡ್ರಾ.

ಈ ಬ್ಯಾಂಕಿನ ಬಾಗಿಲಲ್ಲಿ ಪಿಸ್ತೂಲು ತರಬೇಡಿ ಎಂಬ ಫಲಕವಿಲ್ಲ. ಕಾನೂನಿನ ಅಡ್ಡಿಯೂ ಇಲ್ಲ. ದನ ಸಾಕುವವರು, ಹಲ್ಲಿನ ಡಾಕ್ಟರು, ಚರ್ಚಿನಲ್ಲಿ ವಾದ್ಯ ನುಡಿಸುವ ಅಜ್ಜಿ, ಎಲ್ಲರೂ ದಿನಸಿ ಅಂಗಡಿಗೆ ಹೋಗುವ ಹಾಗೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಾರೆ. ದಿನಕ್ಕೆ ನೂರಹತ್ತು ಜನ, ಇಪ್ಪತ್ತರ ಆಸುಪಾಸು ಪಿಸ್ತೂಲು. ಹನ್ನೆರಡು ಕಾಣುತ್ತವೆ. ಉಳಿದವು ಅಂಗಿಯೊಳಗೆ. ಬೆಲ್ಟು ಒಂದು ಮಗ್ಗುಲಿಗೆ ಜಗ್ಗಿರುವುದರಿಂದ ವರ್ನಾಗೆ ತಿಳಿಯುತ್ತದೆ.

"ಕಾಣೋ ಹಾಗೆ ಕಟ್ಕೊಂಡೋರ ಚಿಂತೆ ನಂಗಿಲ್ಲ. ಮುಟ್ಟಿ ಮುಟ್ಟಿ ನೋಡ್ಕೊಳ್ಳೋರ ಚಿಂತೆ. ಹೊಸದಾಗಿ ಪಿಸ್ತೂಲು ಕಟ್ಟೋನು ಬಾಗಿಲು ದಾಟುವಾಗ ಅಂಗಿ ಸರಿಯಿದ್ಯಾ ಅಂತ ಮುಟ್ಕೋತಾನೆ. ಕಳ್ಳನೂ ಮುಟ್ಕೋತಾನೆ. ಇಬ್ರೂ ಬೆವರ್ತಾರೆ. ಯಾರು ಯಾವೋನು ಅಂತ ತಿಳ್ಕೊಳ್ಳೋಕೆ ನಂಗಿರೋದು ಎರಡು ಸೆಕೆಂಡು."

ಅದಕ್ಕೇ ಅವರು ಬಾಗಿಲಲ್ಲಿ ನಿಂತು ಬಲಗೈ ಚಾಚುತ್ತಾರೆ. ಕುಲುಕುವ ಕೈ ಪಿಸ್ತೂಲು ಹಿಡಿಯಲಾರದು. ಇಪ್ಪತ್ತೆರಡು ವರ್ಷದಿಂದ ಊರು ಇದನ್ನು ಆದರ ಎಂದೇ ತಿಳಿದಿದೆ.

"ಏನಮ್ಮಾ, ನನ್ ಕೈ ಹಿಡಿಯೋಕೆ ದಿನಾ ಇಷ್ಟೊಂದು ಆಸೆನಾ?" ಎನ್ನುತ್ತಾನೆ ಒಬ್ಬ ದನದ ಸಾಹುಕಾರ.

"ಸಗಣಿ ಕೈ ನಿಂದು. ತೊಳ್ಕೊಂಡು ಬಾ, ಆಮೇಲೆ ಆಸೆ ಮಾತಾಡೋಣ."

ಎಂಟು ಗಂಟೆ ನಿಂತು ಮೊಣಕಾಲು ಸವೆದಿವೆ. ಅನುಮಾನ ಮನೆಗೂ ಬರುತ್ತದೆ. "ಮೊಮ್ಮಗಳ ಹುಟ್ಟುಹಬ್ಬಕ್ಕೆ ಹೋಗಿ, ಅಲ್ಲಿಗೆ ಬಂದೋರ ಸೊಂಟಾನೇ ನೋಡ್ತಾ ಕೂತಿದ್ದೆ. ಕೇಕು ಯಾವ ಬಣ್ಣ ಇತ್ತು ಅಂತ ಕೇಳಿದ್ರೆ ಗೊತ್ತಿಲ್ಲ."

ಕಳೆದ ಮಾರ್ಚಿನಲ್ಲಿ, ಕಣ್ಣಿನ ಶಸ್ತ್ರಚಿಕಿತ್ಸೆಯಾದವರು ಹಾಕುವ ದೊಡ್ಡ ಕಪ್ಪು ಕನ್ನಡಕ, ಮೇಲೆತ್ತಿದ ಕಾಲರಿನ ಹೊಸ ಕೋಟಿನಲ್ಲಿ ಒಬ್ಬ ಗಂಡಸು ಒಳಗೆ ಬಂದ. ಸೊಂಟವನ್ನು ಎರಡು ಸಲ ಮುಟ್ಟಿಕೊಂಡ. ವರ್ನಾ ಚಾಚಿದ ಕೈ ಅವನಿಗೆ ಕಾಣಲಿಲ್ಲ. ಅವನ ಕೈ ಕೋಟಿನೊಳಗೆ ಹೋಯಿತು. ಅವನು ಗಾರ್ಲ್ಯಾಂಡ್ ಪ್ರುಯಿಟ್, ಎಪ್ಪತ್ತೆಂಟರ ನಿವೃತ್ತ ಶಾಲಾ ಬಸ್ ಚಾಲಕ. ಮೊದಲ ಪಿಸ್ತೂಲು ಕೊಂಡು ನಾಲ್ಕು ದಿನವಾಗಿತ್ತು.

ವರ್ನಾ ಒರೆಯ ಮೇಲೆ ಕೈಯಿಟ್ಟರು, ಪಿಸ್ತೂಲು ತೆಗೆಯಲಿಲ್ಲ ಎನ್ನುತ್ತದೆ ಅವರೇ ಬ್ಯಾಂಕಿಗೆ ಬರೆದುಕೊಟ್ಟ ವರದಿ. ಕ್ಯಾಮೆರಾ ಕಣ್ಣು ಕೌಂಟರಿನ ಮೇಲಿದೆ, ಬಾಗಿಲ ಮೇಲಿಲ್ಲ. ಕಂಡವರು ಅವರಿಬ್ಬರೇ. ಕಾರಣವಿಲ್ಲದೆ ಪಿಸ್ತೂಲು ತೆಗೆದ ಕಾವಲುಗಾರರಿಗೆ ಇಲ್ಲಿ ಕೆಲಸವಿಲ್ಲ ಎಂದು ಮ್ಯಾನೇಜರ್ ಡ್ವೈಟ್ ಬರೆದೇ ಕೊಟ್ಟಿದ್ದಾರೆ.

ವರ್ನಾ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗೆ ಗಾರ್ಲ್ಯಾಂಡ್, ಕಾಫಿ ಅಂಗಡಿಯಲ್ಲಿ ಕೂತು, ವರದಿಯ ಆ ಕಥೆಯನ್ನೇ ಮೂರು ಸಲ ಹೇಳುತ್ತಾರೆ, ಮೂರು ಸಲವೂ ಅದೇ ಪದಗಳಲ್ಲಿ. ಇಷ್ಟು ಒಪ್ಪವಾಗಿ ಹೇಳುವ ಮಕ್ಕಳು ನನ್ನ ಮನೆಯಲ್ಲೂ ಇಬ್ಬರಿದ್ದಾರೆ, ಏನಾದರೂ ಒಡೆದಿದ್ದಾಗ.

"ನಿಜ ಹೇಳಿ, ತೆಗೆದರು ತಾನೇ?" ಎಂದು ಕೇಳುತ್ತೇನೆ.

"ನಲ್ವತ್ತು ವರ್ಷ ಬಸ್ಸಿನ ಮಕ್ಕಳು ನಂಗೆ ಸುಳ್ಳು ಹೇಳಿದಾರೆ. ನಾನೊಂದು ಹೇಳ್ಬಾರ್ದಾ?" ಎಂದು ಮುದುಕ ಕಾಫಿಯ ಲೋಟ ತಿರುಗಿಸುತ್ತಾ ಕೂರುತ್ತಾರೆ.

ವರ್ನಾರನ್ನೂ ಕೇಳುತ್ತೇನೆ. ಅವರು ಬಾಗಿಲಿಂದ ಕಣ್ಣು ಕೀಳುವುದಿಲ್ಲ.

"ಬರ್ಕೊಳ್ಳಿ. ತೆಗ್ದೆ. ಅವನ ಎದೆಗೇ ಹಿಡಿದೆ. ಆಮೇಲೆ ಕೋಟಿಂದ ಚೆಕ್ ಪುಸ್ತಕ ಈಚೆ ಬಂತು. 'ವರ್ನಾ, ನಾನು ಕಣೇ, ಗಾರ್ಲ್ಯಾಂಡು' ಅಂದ. ನನ್ ಕೆಲಸ ಉಳಿಸೋಕೆ ಪಾಪ ಸುಳ್ಳು ಹೇಳ್ಕೊಂಡು ತಿರುಗ್ತಿದಾನೆ. ಬಂದೋರನ್ನೆಲ್ಲ ಅನುಮಾನದಿಂದ ನೋಡೋಳು ನಾನು. ನನ್ ವರದೀನೇ ಸುಳ್ಳಾದ್ರೆ ಇಲ್ಲಿ ಯಾವ ಮುಖ ಹೊತ್ಕೊಂಡು ನಿಲ್ಲಲಿ? ಇವತ್ತು ಬೆಳಿಗ್ಗೆನೇ ಡ್ವೈಟ್‌ಗೆ ಹೇಳಿ ಬಂದೆ."

ಡ್ವೈಟ್ ಸೋಮವಾರ ಉತ್ತರ ಕೊಡುತ್ತಾರಂತೆ. ಅಲ್ಲಿಯವರೆಗೆ ಬಾಗಿಲಲ್ಲಿ ನಿಲ್ಲಲು ಬಿಟ್ಟರೆ ಸಾಕು ಎನ್ನುತ್ತಾರೆ ವರ್ನಾ.

ಆರ್ವಿಲ್‌ಗೆ ಕೊಟ್ಟ ಮಾತನ್ನು ಅವರು ಉಳಿಸಿಕೊಂಡಿಲ್ಲ.